ಲೆಕ್ಕದ ಮನುಷ್ಯ ಈಗ ಕಳ್ಳತನದ ಮಾತಾಡುತ್ತಾರೆ

ಪ್ರಶ್ನೆ: ಮಾವನವರಿಗೆ 74. ಬೆಟಗೇರಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು, ಪೈಸೆ ಪೈಸೆಗೂ ಲೆಕ್ಕ. ಎರಡು ವರ್ಷದಿಂದ ಅಲ್ಝೈಮರ್ಸ್. ನಾನೇ ರೊಕ್ಕ ಕದ್ದೆನೆಂದು ಓಣಿಗೆಲ್ಲ ಹೇಳುತ್ತಾರೆ, ಸಂಜೆಯಾದರೆ ಬೈಗುಳ. 'ಖರೇ ಬುದ್ಧಿ ಈಗ ಹೊರಬಿತ್ತು' ಎನ್ನುತ್ತಾರೆ ನೆಂಟರು. ನಿಜವೇ?
– ಸೊಸೆ, ಗದಗ

ಉತ್ತರ: ನೆಂಟರ ಮಾತು ತಪ್ಪು. ಬಾಯಿಗೆ ಬಂದದ್ದನ್ನು ತಡೆದುಕೊಳ್ಳುವ ಕೆಲಸ ಹಣೆಯ ಹಿಂದಿರುವ ಮಿದುಳಿನದು. ಅದು ಸವೆದಾಗ ಸಂಭಾವಿತರೂ ಬೈಯುತ್ತಾರೆ. ರೊಕ್ಕದ ವಿಷಯ ಬೇರೆ. ಜೋಪಾನ ಮಾಡುವ ಹಳೆಯ ರೂಢಿ ಉಳಿದಿದೆ, ಎಲ್ಲಿಟ್ಟೆ ಎಂಬ ನೆನಪು ಉಳಿದಿಲ್ಲ. ಇಟ್ಟಲ್ಲಿ ಕಾಣದಿದ್ದಾಗ ದಿನವಿಡೀ ಕಣ್ಣೆದುರಿಗಿರುವವರ ಮೇಲೆಯೇ ಅನುಮಾನ. ಹೆಚ್ಚು ಸೇವೆ ಮಾಡುವವರಿಗೇ ಈ ಆರೋಪ ಬರುವುದು ಇದಕ್ಕೇ.

'ನಾನು ತಗೊಂಡಿಲ್ಲ' ಎಂದು ವಾದಕ್ಕಿಳಿಯಬೇಡಿ. 'ಸಿಗವಲ್ದೇನ್ರಿ? ಬರ್ರಿ, ಹುಡುಕೂಣು' ಅನ್ನಿ. ದಿಂಬಿನ ಚೀಲ, ಜೋಳದ ಡಬ್ಬಿ, ಜಗಲಿಯ ಮೂಲೆ ನೋಡಿ. ಸಿಕ್ಕರೆ ನೀವು ಎತ್ತಿಕೊಡಬೇಡಿ, ಅವರ ಕೈಗೇ ಸಿಗುವಂತೆ ಮಾಡಿ. ಇಲ್ಲದಿದ್ದರೆ 'ನೀನೇ ಮುಚ್ಚಿಟ್ಟಿದ್ದಿ' ಎಂಬ ಮಾತು ತಪ್ಪಿದ್ದಲ್ಲ. ಕಸ ಚೆಲ್ಲುವ ಮುನ್ನ ಒಮ್ಮೆ ಕೆದಕಿ. ಒಂದು ಸಣ್ಣ ಪೆಟ್ಟಿಗೆಯಲ್ಲಿ ಹತ್ತು, ಇಪ್ಪತ್ತರ ನೋಟುಗಳಲ್ಲಿ ಇನ್ನೂರು ರೂಪಾಯಿ, ಖಾತೆ ಪುಸ್ತಕ, ಪೆನ್ನು ಇಟ್ಟುಕೊಡಿ. ಎಣಿಸುತ್ತಾ, ಬರೆಯುತ್ತಾ ಕೂರಲಿ, ಕೂಡಿದ್ದು ತಪ್ಪಿದರೂ ತಿದ್ದಬೇಡಿ. ಎಟಿಎಂ ಕಾರ್ಡು, ಚೆಕ್‌ಬುಕ್ಕು ಮಾತ್ರ ಅವರ ಕೈಗೆ ಬೇಡ.

ಸಂಜೆಗೆ: ಕತ್ತಲಾಗುವ ಮೊದಲೇ ದೀಪ ಹಾಕಿ, ಟಿವಿ ಆರಿಸಿ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆ ಸಾಕು, ಮೂರರ ನಂತರ ಚಹಾ ಬೇಡ.

ಬದಲಾವಣೆಯ ವೇಗ ಗಮನಿಸಿ. ತಿಂಗಳುಗಟ್ಟಲೆ ಏರುತ್ತಾ ಬಂದದ್ದು ಸಾಮಾನ್ಯವಾಗಿ ಕಾಯಿಲೆಯ ನಡೆ. ಎರಡು ದಿನದಲ್ಲೇ ಬೇರೆಯವರಂತಾದರೆ, ಮಂಕಾದರೆ, ಅದೇ ದಿನ ವೈದ್ಯರಲ್ಲಿ ಹೋಗಿ: ಮೂತ್ರದ ಸೋಂಕು (ಜ್ವರ ಇರಲೇಬೇಕೆಂದಿಲ್ಲ), ಮಲಬದ್ಧತೆ, ಬೇಸಿಗೆಯಲ್ಲಿ ನೀರು ಕಡಿಮೆಯಾದದ್ದು, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದದ್ದು, ವಾರಗಳ ಹಿಂದೆ ಬಿದ್ದು ತಲೆಯೊಳಗೆ ನಿಧಾನ ರಕ್ತ ಸೋರಿದ್ದು, ಯಾವುದೂ ಇರಬಹುದು. ನೆಗಡಿ, ತುರಿಕೆಗೆ ತಂದ ಗುಳಿಗೆಯೂ ಗೊಂದಲ ಹೆಚ್ಚಿಸುತ್ತದೆ. ಎಲ್ಲ ಗುಳಿಗೆಗಳನ್ನು ಚೀಲದಲ್ಲಿ ಒಯ್ಯಿರಿ. ನಿದ್ದೆಗುಳಿಗೆ ನೀವೇ ತಂದು ಕೊಡಬೇಡಿ, ಬೀಳುತ್ತಾರೆ.

ಒಂದು ಮಾತು ನೆನಪಿಸಿಕೊಳ್ಳಿ: ಮೊದಲು ಕೆಟ್ಟದ್ದು ಮರೆವೋ, ನಡತೆಯೋ? ನೆನಪು ನೆಟ್ಟಗಿದ್ದಾಗಲೇ ನಾಚಿಕೆ, ಮರುಕ ಹೋಗಿ ಸಿಹಿಯ ಹಪಾಹಪಿ ಶುರುವಾಗಿದ್ದರೆ ಅದು ಅಲ್ಝೈಮರ್ಸ್ ಅಲ್ಲದೆ, ನಡತೆಯನ್ನೇ ಮೊದಲು ಕೆಡಿಸುವ ಬೇರೆ ಮಿದುಳಿನ ಕಾಯಿಲೆ, ಫ್ರಂಟೋಟೆಂಪೊರಲ್ ಡಿಮೆನ್ಷಿಯಾ ಇರಬಹುದು. ಅದಕ್ಕೆ ಅಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್ ಗುಳಿಗೆ ನಾಟುವುದಿಲ್ಲ, ಕೆಲವರಲ್ಲಿ ಸಿಡುಕು ಹೆಚ್ಚುತ್ತದೆ. ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಇದನ್ನು ಮೊದಲೇ ಹೇಳಿ. ನಿಮಗೇ ತಡೆಯಲಾಗದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಓಣಿಯವರಿಗೆ ಕಾಯಿಲೆಯ ಹೆಸರು ಹಿಡಿದು ಹೇಳಬೇಕು. ಅದನ್ನು ನಿಮ್ಮ ಯಜಮಾನರೇ ಹೇಳಲಿ.