ಸಿನಿಮಾ ಕಟ್ಟೆ: ದೊಡ್ಡ ದೊಡ್ಡ ನಟರು, ಸಿನಿಮಾ ಯಾಕ್ರೀ ಸಪ್ಪೆ?

ಪ್ರಶ್ನೆ: ಪೋಸ್ಟರಿನ್ಯಾಗ ಐದು ದೊಡ್ಡ ಮುಖ ಇರ್ತಾವ. ಒಳಗ ಹೋಗಿ ಕುಂತ್ರ ಅರ್ಧ ತಾಸಿಗೆ ಆಕಳಿಕಿ ಚಾಲೂ. ಒಬ್ಬೊಬ್ಬರನ್ನ ನೋಡಿದ್ರ ಎಲ್ಲಾರೂ ಛಲೋ ನಟರೇ. ಕೂಡಿಸಿದ ಕೂಡಲೇ ಯಾಕ್ರೀ ಹಿಂಗ ಆಗತೈತಿ?
– ಜಮಖಂಡಿಯ ಓದುಗರು

ಉತ್ತರ: ಮೊದಲು ವೇಳೆಯ ಲೆಕ್ಕ ನೋಡೋಣ. ಸಿನಿಮಾ 150 ನಿಮಿಷ ಅಂತಿಟ್ಟುಕೊಳ್ಳಿ. ಐದು ಹಾಡಿಗೆ 20, ನಾಲ್ಕು ಫೈಟಿಗೆ 20 ಹೋಯಿತು. ಐವರಿಗೂ ತಲಾ ನಾಲ್ಕು ನಿಮಿಷದ ಬಿಲ್ಡಪ್ (ಕಾರಿನ ಬಾಗಿಲು, ಬೂಟು, ಬೆನ್ನು, ಕಡೆಗೆ ಮುಖ) ಕೊಟ್ಟರೆ ಇನ್ನೊಂದು 20. ಉಳಿದ 90 ನಿಮಿಷವನ್ನು ಐವರಿಗೆ ಹಂಚಿದರೆ ಒಬ್ಬರಿಗೆ 18. ಅಷ್ಟರಲ್ಲಿ ಆ ಮನುಷ್ಯನಿಗೆ ಏನು ಬೇಕು, ಯಾರು ಅಡ್ಡ ಬಂದರು, ಅವನು ಏನು ಕಳೆದುಕೊಂಡ ಎಲ್ಲ ಮುಗಿಯಬೇಕು. ನಮ್ಮ ಕಡೆಯ ದೊಡ್ಡಾಟದಲ್ಲಿ ಪ್ರತಿ ಪಾತ್ರವೂ ರಂಗಕ್ಕೆ ಬಂದು, ಸಾರಥಿ (ಆಟ ನಡೆಸಿಕೊಡುವವ) ಕೇಳಿದ ಮೇಲೆ ತನ್ನ ಊರು-ಹೆಸರು-ಪ್ರತಾಪ ಹೇಳಿಕೊಳ್ಳುತ್ತದೆ. ಅದು ನಡೆಯುತ್ತದೆ, ಆಟ ಬೆಳಗಿನತನಕ ಇರುತ್ತದಲ್ಲ!

ಇದಕ್ಕಿಂತ ದೊಡ್ಡ ರೋಗ ಕಾಲ್‌ಶೀಟಿನದು, ಅಂದರೆ ನಟರು ಶೂಟಿಂಗಿಗೆ ಕೊಡುವ ದಿನಗಳದು (ಡೇಟ್ಸ್). ಟಿ.ವಿ., ಓಟಿಟಿ, ಹಿಂದಿ ಡಬ್ಬಿಂಗ್ ಹಕ್ಕುಗಳ ಬೆಲೆ ಏರುವುದು ಹೆಸರುಗಳ ಮೇಲೆ. ಹಾಗಾಗಿ ಎಷ್ಟೋ ಸಲ ಡೇಟ್ಸ್ ಮೊದಲು ಸಿಗುತ್ತವೆ, ಆಮೇಲೆ ಚಿತ್ರಕಥೆಯನ್ನು ಆ ಡೇಟ್ಸಿಗೆ ಹೊಂದಿಸಿ ಹೊಲಿಯುತ್ತಾರೆ. ಇಬ್ಬರು ಘಟಾನುಘಟಿಗಳ ಜಗಳದ ಸೀನ್ ಇದೆ, ಇಬ್ಬರೂ ಒಟ್ಟಿಗೆ ಸಿಗುವುದು ಒಂದೇ ದಿನ ಎನ್ನಿ. ಒಬ್ಬರ ಕ್ಲೋಸಪ್ ಈ ತಿಂಗಳು ತೆಗೆದರೆ ಇನ್ನೊಬ್ಬರದು ಮುಂದಿನ ತಿಂಗಳು, ಬೇರೆ ಊರಿನ ಸೆಟ್ಟಿನಲ್ಲಿ. ಎದುರಿಗೆ ಭುಜ ತೋರಿಸಲು ಡೂಪ್. ಎದುರಾಳಿಯ ಮಾತನ್ನು ಕ್ಯಾಮೆರಾ ಪಕ್ಕ ನಿಂತ ಸಹಾಯಕ ನಿರ್ದೇಶಕ ಪಾಠ ಒಪ್ಪಿಸಿದಂತೆ ಓದುತ್ತಾನೆ. ಆ ದನಿ ಕೇಳಿ ಯಾವ ನಟನಿಗೆ ಸಿಟ್ಟು ಬರಬೇಕು? ತೆರೆಯ ಮೇಲೆ ಗಮನಿಸಿ: ಒಬ್ಬರ ದೃಷ್ಟಿ ಇನ್ನೊಬ್ಬರ ಕಿವಿಯ ಮೇಲಕ್ಕೆ ಹೋಗಿರುತ್ತದೆ, ಒಬ್ಬರ ಮುಖಕ್ಕೆ ಬೆಳಗಿನ ಬಿಸಿಲು, ಇನ್ನೊಬ್ಬರಿಗೆ ಮಟಮಟ ಮಧ್ಯಾಹ್ನ. ಕೇಳುತ್ತಿರುವವರ ಮುಖವನ್ನು ತೆಗೆದೇ ಇಲ್ಲದ್ದರಿಂದ ಸಂಕಲನಕಾರ ಮಾತಾಡುವ ಬಾಯಿಂದ ಮಾತಾಡುವ ಬಾಯಿಗೆ ಕತ್ತರಿಸುತ್ತಾ ಹೋಗುತ್ತಾನೆ. ಡಬ್ಬಿಂಗೂ ಬೇರೆ ಬೇರೆ ದಿನ, ಇಬ್ಬರದೂ ಒಂದೇ ಏರುದನಿ.

2018ರ ‘ಥಗ್ಸ್ ಆಫ್ ಹಿಂದೋಸ್ತಾನ್’ನಲ್ಲಿ ಅಮಿತಾಭ್ ಬಚ್ಚನ್, ಆಮೀರ್ ಖಾನ್ ಮೊದಲ ಬಾರಿ ಒಂದಾದರು. ಮೊದಲ ದಿನದ ಗಳಿಕೆ 50 ಕೋಟಿ ರೂಪಾಯಿ ದಾಟಿತು, ಮೊದಲ ವಾರಾಂತ್ಯ ಕಳೆಯುತ್ತಲೇ ಕುಸಿಯಿತು. ಹೆಸರು ಜನರನ್ನು ಮೊದಲ ಆಟಕ್ಕೆ ಕರೆತರುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. 1975ರ ‘ಶೋಲೆ’ಯಲ್ಲೂ ತಾರೆಯರ ದಂಡೇ ಇತ್ತು. ಆದರೆ ಇಡೀ ಕಥೆ ನಿಂತಿದ್ದ ಗಬ್ಬರ್ ಪಾತ್ರ ಸಿಕ್ಕಿದ್ದು ಆಗ ಹೆಚ್ಚುಕಡಿಮೆ ಹೊಸಬರಾದ ಅಮ್ಜದ್ ಖಾನ್‌ಗೆ. ಬಾಯಿಬಿಟ್ಟು ಮಾತಾಡುವುದೇ ಅಪರೂಪವಾದ ಸಾಂಬಾ ಇವತ್ತಿಗೂ ನೆನಪಿದ್ದಾನೆ. ಪಾತ್ರ ಎಷ್ಟು ಹೊತ್ತು ಇದೆ ಅನ್ನುವುದಕ್ಕಿಂತ ಅದು ಕಥೆಗೆ ಏನು ಮಾಡುತ್ತದೆ ಅನ್ನುವುದು ಮುಖ್ಯ. ‘ನಾಗರಹಾವು’ (1972) ಚಿತ್ರದ ಜಲೀಲನಾಗಿ ಅಂಬರೀಷ್ ಕಾಣಿಸುವುದೂ ಸ್ವಲ್ಪ ಹೊತ್ತೇ.

ಪ್ರಶ್ನೆ: ಹಳೆಯ ಕಾಲದಲ್ಲಿ ಇಂಥ ಸೋಲು ಇರಲಿಲ್ಲವೇ?
– ಬೆಳಗಾವಿಯ ಓದುಗರು

ಉತ್ತರ: ಧಾರಾಳವಾಗಿ ಇದ್ದವು. 1970ರ ‘ಮೇರಾ ನಾಮ್ ಜೋಕರ್’ನಲ್ಲಿ ರಾಜ್ ಕಪೂರ್ ಜೊತೆ ಧರ್ಮೇಂದ್ರ, ಮನೋಜ್ ಕುಮಾರ್, ರಾಜೇಂದ್ರ ಕುಮಾರ್ ಎಲ್ಲ ಇದ್ದರು. ನಾಲ್ಕು ತಾಸಿನ ಸುಮಾರು, ಎರಡು ಇಂಟರ್‌ವಲ್. ಬಿಡುಗಡೆಯಾದಾಗ ಬಿದ್ದಿತು. ಆಮೇಲೆ ಅದನ್ನು ಮೆಚ್ಚಿದವರು ಬಹಳ, ಆ ಮಾತು ಬೇರೆ.

ಪ್ರಶ್ನೆ: ಟಿಕೆಟ್ ತಗೊಳ್ಳೋಕಿಂತ ಮೊದಲೇ ಗೊತ್ತು ಹಚ್ಚೂದು ಹೆಂಗ್ರೀ?
– ಸಿಂದಗಿಯ ಓದುಗರು

ಉತ್ತರ: ಟ್ರೇಲರನ್ನು ದನಿ ತೆಗೆದು ಒಮ್ಮೆ ನೋಡಿ. ಇಬ್ಬರು ದೊಡ್ಡ ನಟರ ಮುಖ ಒಂದೇ ಫ್ರೇಮಿನಲ್ಲಿ ಎಷ್ಟು ಸಲ ಬರುತ್ತದೆ ಎಣಿಸಿ. ಎಲ್ಲರೂ ಒಬ್ಬೊಬ್ಬರೇ ಹೊಗೆಯಲ್ಲಿ ನಡೆದು ಬರುತ್ತಿದ್ದರೆ ಕಾಂಬಿನೇಶನ್ ಡೇಟ್ಸ್ (ಎಲ್ಲರೂ ಒಟ್ಟಿಗೆ ಸಿಗುವ ದಿನ) ಸಿಕ್ಕಿರಲಿಕ್ಕಿಲ್ಲ ಎಂಬ ಅನುಮಾನ ಇಟ್ಟುಕೊಳ್ಳಿ. ಹೆಸರಿನ ಪಕ್ಕ ‘ವಿಶೇಷ ಪಾತ್ರದಲ್ಲಿ’ ಎಂದಿದ್ದರೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಅನುಮಾನ ಹೋಗದಿದ್ದರೆ ಸೋಮವಾರದತನಕ ತಡೆಯಿರಿ. ಶುಕ್ರವಾರ ಬರುವುದು ಅಭಿಮಾನಿ, ಸೋಮವಾರ ಬರುವುದು ಯಾರೋ ಹೇಳಿದ್ದನ್ನು ಕೇಳಿದವನು.

ಪ್ರಶ್ನೆ: ನಾವು ಕಾಲೇಜು ಗೆಳೆಯರು 15 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಕಂಪನಿ ನಾಟಕದ ನಾಲ್ವರು ಹೆಸರಾಂತ ಕಲಾವಿದರು ಎರಡು ದಿನ ಕೊಟ್ಟಿದ್ದಾರೆ. ನಮಗೂ ಇದೇ ಗತಿ ಆಗದಿರಲು ಏನು ಮಾಡಬೇಕು?
– ಬಾಗಲಕೋಟೆಯ ಓದುಗರು

ಉತ್ತರ: ನಾಲ್ವರಿಗೂ ಸಮಪಾಲು ಹಂಚಬೇಡಿ. ಇಬ್ಬರ ಕಥೆ ಬರೆಯಿರಿ. ಉಳಿದಿಬ್ಬರಿಗೆ ಒಂದೊಂದೇ ಸೀನ್ ಕೊಡಿ, ಆದರೆ ಅದನ್ನು ತೆಗೆದರೆ ಕಥೆ ಮುಂದೆ ಹೋಗಬಾರದು. ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡಿ, ಸೆಟ್ಟಿನಲ್ಲಿ ಗೊತ್ತಾದರೆ ಮನಸ್ಸು ಕೆಡುತ್ತದೆ.

ನಾಲ್ವರೂ ಸೇರುವ ಸೀನನ್ನು ಮೊದಲ ದಿನ ಬೆಳಿಗ್ಗೆಯೇ ಮುಗಿಸಿ. ಪೂರ್ತಿ ಸೀನನ್ನು ವೈಡ್‌ನಲ್ಲಿ (ಎಲ್ಲರೂ ಒಟ್ಟಿಗೆ ಕಾಣುವಂತೆ) ಎರಡು ಸಲ ತೆಗೆದು ಆಮೇಲೆ ಕ್ಲೋಸಪ್‌ಗೆ ಬನ್ನಿ. ಒಬ್ಬರ ಕ್ಲೋಸಪ್ ನಡೆಯುವಾಗ ಎದುರಿನ ಕಲಾವಿದರು ಚಹಾಕ್ಕೆ ಹೋಗಕೂಡದು. ಲೆನ್ಸಿಗೆ ಹತ್ತಿಕೊಂಡು, ಅದೇ ಎತ್ತರದಲ್ಲಿ ನಿಂತು ತಮ್ಮ ಮಾತನ್ನು ತಾವೇ ಹೇಳಬೇಕು. ಮಾತು ಮುಗಿದ ಕೂಡಲೇ ಕಟ್ ಅನ್ನದೆ ಐದು ಸೆಕೆಂಡ್ ಬಿಡಿ. ಸುಮ್ಮನೆ ಕೇಳುತ್ತಿರುವ ಆ ಮುಖವೇ ಎಡಿಟಿಂಗಿನಲ್ಲಿ ನಿಮ್ಮನ್ನು ಕಾಪಾಡುವುದು.

ಕಂಪನಿ ಕಲಾವಿದರ ದನಿ ಕಡೆಯ ಸಾಲಿಗೂ ಮುಟ್ಟುವಂಥದ್ದು. ‘ಸಣ್ಣಗೆ ಮಾತಾಡ್ರಿ’ ಅಂದರೆ ದನಿಯ ಜೊತೆ ಭಾವವೂ ಸಣ್ಣದಾಗುತ್ತದೆ. ಒಮ್ಮೆ ಪೂರ್ಣ ದನಿಯಲ್ಲಿ ಆಡಿಸಿ, ನಂತರ ಅದೇ ಸಿಟ್ಟನ್ನು ಪಕ್ಕದ ಕೋಣೆಗೆ ಕೇಳದಂತೆ ಆಡಲು ಹೇಳಿ. ರೆಕಾರ್ಡರ್ ಲೆವೆಲ್ಲನ್ನು ಅತಿ ಜೋರಿನ ಮಾತಿಗೆ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಇಡಿ. ಮೀಟರಿನ ಸೊನ್ನೆ ದಾಟಿ ಒಡೆದ ದನಿಯನ್ನು ಸರಿಮಾಡಲು ಬರುವುದಿಲ್ಲ. ಬೇಸಿಗೆಯಾದರೆ ಹನ್ನೆರಡರಿಂದ ಮೂರರತನಕ ಹೊರಗೆ ಕ್ಯಾಮೆರಾ ಇಡಬೇಡಿ, ನೆತ್ತಿಯ ಬಿಸಿಲಿಗೆ ಕಣ್ಣು ಕಪ್ಪು ಗುಳಿಯಾಗಿ ಕಾಣುತ್ತವೆ. ಒಳಗೆ ತೆಗೆಯುವಾಗ ಫ್ಯಾನ್ ಬಂದ್ ಇರಲಿ. ಜಾಗ ಬಿಡುವ ಮೊದಲು ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಕೋಣೆಯ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಮಾತಿನ ನಡುವಿನ ತೇಪೆಗೆ ಬೇಕಾಗುತ್ತದೆ.