ಹಬ್ ಹಾಕಿದರೆ ಪವರ್ ಬರುತ್ತೆ, ಪೆನ್‌ಡ್ರೈವ್ ಕಾಣಲ್ಲ: ಪ್ರತಿಕ್ರಿಯೆ

ಎಫ್‌ಯುಎಸ್‌ಬಿ302 (ಟೈಪ್-ಸಿ ಪೋರ್ಟ್ ನೋಡ್ಕೊಳ್ಳೋ ಚಿಪ್) ಇರೋ ಲಿನಕ್ಸ್ ಬೋರ್ಡಿಗೆ ಅಡಾಪ್ಟರ್ ಸಿಕ್ಕಿಸಿದ ಟೈಪ್-ಸಿ ಹಬ್ ಹಾಕಿದರೆ ಬೋರ್ಡ್ ಆನ್ ಆಗುತ್ತೆ, ಪೆನ್‌ಡ್ರೈವ್ ಮಾತ್ರ ಕಾಣಲ್ಲ ಅಂದಿರಿ. ವೈರಿಂಗ್ ಬಿಚ್ಚೋಕೆ ಹೋಗಬೇಡಿ. ಟೈಪ್-ಸಿಯಲ್ಲಿ ಕರೆಂಟ್ ಕೊಡೋರು ಮೊದಲಿಗೆ ಹೋಸ್ಟ್ (ಮಾತು ಶುರು ಮಾಡೋರು), ಇಸ್ಕೊಳ್ಳೋರು ಡಿವೈಸ್ (ಕೇಳಿದಾಗ ಉತ್ತರ ಕೊಡೋರು). ನಿಮ್ಮ ಬೋರ್ಡ್ ಸಿಸಿ ಪಿನ್ನಿನಲ್ಲಿ (ಕೊಡೋರು ಯಾರು, ಇಸ್ಕೊಳ್ಳೋರು ಯಾರು ಅಂತ ಗುರುತಿಸೋ ಪಿನ್) 5.1 ಕಿಲೋ ಓಮ್ ತೋರಿಸಿ ಕರೆಂಟ್ ಇಸ್ಕೊಂಡಿದೆ, ಹಾಗಾಗಿ ಡಿವೈಸ್ ಆಗಿ ಕೂತಿದೆ. ಪೆನ್‌ಡ್ರೈವೂ ಡಿವೈಸೇ. ಮಾತು ಶುರು ಮಾಡೋರು ಯಾರು?

ಕರೆಂಟಿನ ದಿಕ್ಕು ಹಾಗೇ ಇಟ್ಟು ಡೇಟಾ ಪಾತ್ರ ಮಾತ್ರ ತಿರುಗಿಸೋಕೆ ಪವರ್ ಡೆಲಿವರಿಯ (ಪಿಡಿ, ಎರಡು ಕಡೆಯವರೂ ಕರೆಂಟ್, ಪಾತ್ರಗಳ ಬಗ್ಗೆ ಮಾತಾಡಿಕೊಳ್ಳೋ ವ್ಯವಸ್ಥೆ) ಡೇಟಾ ರೋಲ್ ಸ್ವಾಪ್, ಅಂದರೆ ಪಾತ್ರ ಅದಲುಬದಲು, ಬೇಕು. ಡಿವೈಸ್ ಟ್ರೀಯ (ಬೋರ್ಡಿನ ಹಾರ್ಡ್‌ವೇರ್ ವಿವರ ಲಿನಕ್ಸಿಗೆ ಹೇಳೋ ಫೈಲ್) ಕನೆಕ್ಟರ್ ನೋಡ್ (ವಿಭಾಗ) ಒಳಗೆ ಪವರ್ ರೋಲ್, ಡೇಟಾ ರೋಲ್ ಎರಡನ್ನೂ ಡ್ಯುಯಲ್ ಮಾಡಿ. ಸೋರ್ಸ್ (ಕೊಡೋರು), ಸಿಂಕ್ (ಇಸ್ಕೊಳ್ಳೋರು) ಎರಡರ ಪಿಡಿಒ ಪಟ್ಟಿನೂ, ಅಂದರೆ ಯಾವ ವೋಲ್ಟೇಜ್, ಎಷ್ಟು ಕರೆಂಟ್ ಅನ್ನೋ ಪಟ್ಟಿನೂ, ಬರೀರಿ. ಆಮೇಲೆ ಸಿಸ್‌ಎಫ್‌ಎಸ್‌ನಲ್ಲಿ (ಕರ್ನೆಲ್ ಸೆಟ್ಟಿಂಗ್‌ಗಳನ್ನ ಫೈಲುಗಳಾಗಿ ತೋರಿಸೋ ಜಾಗ) ಟೈಪ್‌ಸಿ ಪೋರ್ಟ್‌ನ ಡೇಟಾ ರೋಲ್ ಫೈಲಿಗೆ ಹೋಸ್ಟ್ ಅಂತ ಬರೆದು ನೋಡಿ. ಎರರ್ ಬಂದರೆ ಹಬ್ಬಿನ ಮೇಲೇ ನನ್ನ ಅನುಮಾನ, ಅಗ್ಗದ ಹಬ್‌ಗಳಲ್ಲಿ ಪಿಡಿನೇ ಇರಲ್ಲ.

ಫೈಲ್ ಹೋಸ್ಟ್ ಅಂದರೂ ಪೆನ್‌ಡ್ರೈವ್ ಬರಲಿಲ್ಲವಾ? ಡಿವೈಸ್ ಟ್ರೀಯ ಯುಎಸ್‌ಬಿ ಕಂಟ್ರೋಲರ್ ನೋಡ್ ಒಳಗೆ ಡಿಆರ್ ಮೋಡ್ ಒಟಿಜಿ (ಹೋಸ್ಟ್, ಡಿವೈಸ್ ಎರಡೂ ಆಗಬಹುದು ಅನ್ನೋ ಸೆಟ್ಟಿಂಗ್) ಇದೆಯಾ, ಪಾತ್ರ ಬದಲಾಯಿಸೋಕೆ ಬಿಡೋ ರೋಲ್ ಸ್ವಿಚ್ ಸಾಲು ಇದೆಯಾ ನೋಡಿ. ಈ ಒಂದು ಸಾಲಿಗೆ ನಾನು ಎರಡು ದಿನ ಕಳೆದಿದ್ದೀನಿ, ತಂದಿಟ್ಟ ಬೆಣ್ಣೆ ದೋಸೆ ರಟ್ಟಾಗಿತ್ತು.

ನೀವು ದುರ್ಗದವರು ಅಂದಿರಲ್ಲ, ಆಗಲಿಲ್ಲ ಅಂದರೆ ಭಾನುವಾರ ಬೋರ್ಡ್ ಹಿಡ್ಕೊಂಡು ದಾವಣಗೆರೆಗೆ ಬನ್ನಿ. ಪಿಡಿ ಇರೋ ಹಬ್ ನನ್ನ ಹತ್ರ ಇದೆ.