ಚುಕ್ಕೆ, ಬೊಟ್ಟು, ಕಲೆ, ಮಚ್ಚೆ: ಎಲ್ಲಿ ಯಾವುದು?

ಪ್ರಶ್ನೆ: ‘ಚುಕ್ಕಿ’ ಸರಿಯೋ, ‘ಚುಕ್ಕೆ’ ಸರಿಯೋ? ಬೊಟ್ಟು, ಕಲೆ, ಮಚ್ಚೆಗಳಿಗೂ ಇದೇ ಅರ್ಥವೇ?

ಉತ್ತರ: ಚುಕ್ಕಿ, ಚುಕ್ಕೆ ಎರಡೂ ಸರಿ. ವಿಭಕ್ತಿ ಹತ್ತುವಾಗಲೂ ತೊಡಕಿಲ್ಲ: ಚುಕ್ಕಿಯನ್ನು, ಚುಕ್ಕೆಯನ್ನು, ಚುಕ್ಕಿಗೆ, ಚುಕ್ಕೆಗೆ. ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬೇಡಿ, ಅಷ್ಟೆ. ನಕ್ಷತ್ರ ಎಂಬ ಅರ್ಥಕ್ಕೆ ಮಾತ್ರ ‘ಚುಕ್ಕಿ’ಯೇ ಹೆಚ್ಚು ಒಗ್ಗುತ್ತದೆ. ಶುಕ್ರ ನಮಗೆ ‘ಬೆಳ್ಳಿಚುಕ್ಕಿ’. ಧಾರವಾಡದ ಕಡೆ ‘ಚಿಕ್ಕಿ’ ಎಂದೂ ಅನ್ನುತ್ತಾರೆ. ತೆಲುಗಿನ ‘ಚುಕ್ಕ’ಕ್ಕೆ ಬಿಂದು, ನಕ್ಷತ್ರಗಳ ಜೊತೆಗೆ ನೀರಿನ ಹನಿ ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಆ ಕೆಲಸಕ್ಕೆ ‘ಹನಿ’, ‘ತೊಟ್ಟು’ ಇವೆ. ‘ಒಂದು ಚುಕ್ಕೆ ನೀರು’ ಎಂದರೆ ಕಿವಿಗೆ ಒಪ್ಪುವುದಿಲ್ಲ.

ಉಳಿದವನ್ನು ಬೇರ್ಪಡಿಸಬೇಕಾದರೆ ಪಕ್ಕದ ಕ್ರಿಯಾಪದವನ್ನು ನೋಡಿ. ಚುಕ್ಕೆಯನ್ನೂ ಬೊಟ್ಟನ್ನೂ ಇಡುತ್ತೇವೆ. ಕಲೆ ಆಗುತ್ತದೆ, ಅಂಟುತ್ತದೆ, ತೊಳೆದರೂ ಉಳಿಯುತ್ತದೆ. ಬೇಕೆಂದು ಯಾರೂ ಇಡುವುದಿಲ್ಲ. ಮಚ್ಚೆ ಮೈಮೇಲೆ ಇರುತ್ತದೆ. ಗುಳ್ಳೆ ಏಳುತ್ತದೆ. ಬಿಳಿ ಅಂಗಿಗೆ ಪೆನ್ನಿನ ತುದಿ ತಾಗಿ ಮೂಡಿದ್ದು ಸಾಸಿವೆಯಷ್ಟೇ ಇದ್ದರೂ ಕಲೆ. ಅದೇ ಪೆನ್ನಿನಿಂದ ವಾಕ್ಯದ ಕೊನೆಗೆ ಇಟ್ಟದ್ದು ಚುಕ್ಕೆ. ಗಾತ್ರಕ್ಕಿಂತ ಅದು ಬಂದ ಬಗೆಯೇ ಮುಖ್ಯ. ‘ಹೆಸರಿಗೆ ಕಪ್ಪು ಚುಕ್ಕೆ’ ಎಂಬ ಪತ್ರಿಕೆಗಳ ಮಾತು ಈ ಗೆರೆಯನ್ನು ದಾಟಿದೆ, ಆದರೆ ಈಗ ಗಟ್ಟಿಯಾಗಿ ಬೇರೂರಿದೆ, ತಿದ್ದಬೇಕಿಲ್ಲ.

ಯಾರೂ ಇಡದೆ, ಹುಟ್ಟಿನಿಂದಲೇ ಬಂದ ಬಿಡಿಬಿಡಿ ಗುರುತುಗಳಿಗೂ ಚುಕ್ಕೆ ಸಲ್ಲುತ್ತದೆ: ಚುಕ್ಕೆ ಜಿಂಕೆ. ಚಿರತೆಯ ವಿಷಯ ಬರೆಯುವಾಗ ಸ್ವಲ್ಪ ನಿಂತು ನೋಡಿ. ಅದರ ಬೆನ್ನು, ಪಕ್ಕೆಗಳ ಮೇಲಿರುವುದು ಅಲ್ಲಲ್ಲಿ ತುಂಡಾದ ಕಪ್ಪು ಉಂಗುರಗಳು. ತುಂಬಿದ ಚುಕ್ಕೆ ಕಾಣುವುದು ತಲೆ, ಕಾಲುಗಳ ಮೇಲೆ. ಎಲ್ಲವನ್ನೂ ‘ಚುಕ್ಕೆ’ ಎಂದರೆ ಓದುವವರ ಕಣ್ಣಿಗೆ ಚೀತಾ ಬರುತ್ತದೆ.

‘ಬೊಟ್ಟು’ವಿಗೆ ಬೆರಳು ಎಂಬ ಅರ್ಥವೂ ಉಂಟು. ‘ಬೊಟ್ಟು ಮಾಡಿ ತೋರಿಸಿದ’ ಎಂದರೆ ಬೆರಳು ಚಾಚಿ ತೋರಿಸಿದ ಎಂದು. ಹಣೆಯ ಬೊಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಚರ್ಮದ ಮೇಲಿನ ಬಿಳಿ ಚುಕ್ಕೆಗಳನ್ನು ‘ತೊನ್ನು’ ಎಂದು ಬರೆಯಬಹುದೇ?

ಉತ್ತರ: ಖಚಿತವಾಗದೆ ಬರೆಯಬೇಡಿ. ಬಣ್ಣ ಪೂರ್ತಿ ಹೋಗಿ ಹಾಲಿನಂತೆ ಬೆಳ್ಳಗಾದರೆ ತೊನ್ನು. ‘ಸಿಬ್ಬು’ ಬೇರೆ. ಅದು ಚರ್ಮದ ಮೇಲಿನ ಯೀಸ್ಟ್‌ನಿಂದ ಬರುವಂಥದ್ದು. ಬಣ್ಣ ತುಸು ಮಾತ್ರ ಮಾಸುತ್ತದೆ, ಉಗುರಿನಿಂದ ಮೆಲ್ಲಗೆ ಕೆರೆದರೆ ಸಣ್ಣ ಹೊಟ್ಟು ಉದುರುತ್ತದೆ. ಕೆನ್ನೆಯ ಮೇಲೆ ಕಂದಾಗಿ ಹರಡುವುದು ‘ಬಂಗು’. ಸಿಬ್ಬನ್ನು ತೊನ್ನು ಎಂದು ಬರೆದರೆ ಒಂದು ಮನೆಯವರ ನಿದ್ದೆ ಕೆಡುತ್ತದೆ. ತೊನ್ನು ಕೂಡ ಮುಟ್ಟಿದರೆ ಹರಡುವ ರೋಗವಲ್ಲ. ಯಾವುದೆಂದು ಗೊತ್ತಿಲ್ಲದಿದ್ದರೆ ‘ಬಿಳಿ ಮಚ್ಚೆ’ ಎನ್ನುವುದೂ ಬೇಡ, ‘ಬಿಳಿ ಗುರುತು’ ಎಂದಿಷ್ಟೇ ಸಾಕು.

ಪ್ರಶ್ನೆ: ‘ಅಂ’ ಅಕ್ಷರದ ಪಕ್ಕದ್ದು ಚುಕ್ಕೆಯೇ?

ಉತ್ತರ: ಅಲ್ಲ, ಸೊನ್ನೆ. ಕನ್ನಡದಲ್ಲಿ ಅದನ್ನು ಒಳಗೆ ಖಾಲಿ ಬಿಟ್ಟು ದುಂಡಗೆ ಬರೆಯುತ್ತೇವೆ. ‘ಫ಼’, ‘ಜ಼’ಗಳ ಅಡಿಯಲ್ಲಿರುವ ಎರಡು ಮಾತ್ರ ನಿಜವಾದ ಚುಕ್ಕೆಗಳು.